ಮಾಳವ್ವ ಹಾಡದೆ ಉಳಿಸಿಕೊಂಡ ನುಡಿ

ಒಂದಾನೊಂದು ಹೊಳೆ, ಆ ಹೊಳೆಗೆ ಎರಡು ದಡ, ದಡಕ್ಕೊಂದು ಕೋಟೆ. ಈಚೆ ದಡದ್ದು ಬಿಳಿಗಲ್ಲು, ಆಚೆ ದಡದ್ದು ಕರಿಗಲ್ಲು. ಬಿಳಿಗಲ್ಲಿಗೆ ತಿಪ್ಪೇನಾಯಕ ಅಂತ ರಾಜ, ಕರಿಗಲ್ಲಿಗೆ ಓಬಳನಾಯಕ ಅಂತ ರಾಜ. ರಾಜ ಅಂದ ತಕ್ಷಣ ಆನೆ, ಅಂಬಾರಿ ಅಂತ ಕಣ್ಣರಳಿಸಬೇಡಿ. ಈ ಕೋಟೆಯಲ್ಲಿ ಸೀನಿದರೆ ಆ ಕೋಟೆಯಲ್ಲಿ "ನೂರು ವರ್ಷ ಬಾಳು" ಅನ್ನಬಹುದು, ಅಷ್ಟೇ ದೂರ. ಅನ್ನುತ್ತಿರಲಿಲ್ಲ, ಅದು ಬೇರೆ ಮಾತು.

ಇಬ್ಬರಿಗೂ ಯುದ್ಧ ಹತ್ತಿಕೊಂಡದ್ದು ಯಾತಕ್ಕೆ ಗೊತ್ತೇ? ವೀಳ್ಯಕ್ಕೆ. ಯಾರದೋ ಮದುವೆ. ತಟ್ಟೆ ಹಿಡಿದವನು ಮೊದಲ ವೀಳ್ಯಕ್ಕೆ ಓಬಳನಾಯಕನ ಹೆಸರು ಕೂಗುವಷ್ಟರಲ್ಲಿ ನಮ್ಮ ತಿಪ್ಪೇನಾಯಕ ಕೈ ಚಾಚಿಬಿಟ್ಟಿದ್ದ. ಚಾಚಿದ ಕೈಯಿಂದ ತಲೆ ಕೆರೆದುಕೊಂಡಿದ್ದರೂ ಮಾನ ಉಳಿಯುತ್ತಿತ್ತು. ಆ ಪುಣ್ಯಾತ್ಮ ಅದನ್ನ ಕತ್ತಿ ಮೇಲೆ ಇಟ್ಟ. ಎರಡು ಎಲೆ, ಒಂದು ಅಡಿಕೆ, ಉಗುರಿನಷ್ಟು ಸುಣ್ಣ. ಅದಕ್ಕೆ ಹನ್ನೆರಡು ವರ್ಷ ಹೊಡೆದಾಡಿದರಂತೆ. ಊರಲ್ಲಿ ಎಷ್ಟು ಕೈಗಳು ಬೋಳಾದವೋ, ಬಳೆಗಾರನೇ ಆ ಕಡೆ ತಲೆ ಹಾಕೋದು ಬಿಟ್ಟನಂತೆ.

ಅರ್ಧ ದಾರಿಗೇ ಇಬ್ಬರಿಗೂ ಸಾಕಾಗಿತ್ತು. ಆದರೆ "ಸಾಕು" ಅನ್ನೋರು ಯಾರು? ಆ ಸೀಮೆಯಲ್ಲಿ ಒಂದು ಕಟ್ಟಲೆ. ಮೊದಲು ಸಾಕು ಅಂದವನು ಎದುರಾಳಿಗೆ ಒತ್ತೆ ಕೊಡಬೇಕು. ಒತ್ತೆ ಅಂದರೆ ಒಡವೆ ಅಲ್ಲ, ಮನೆಯ ಒಂದು ಜೀವ. ಕದನ ನಿಂತಿರುವಷ್ಟು ಕಾಲ ಆ ಜೀವ ವೈರಿಯ ಮನೆಯಲ್ಲಿ ಉಂಡುಕೊಂಡಿರುತ್ತೆ. ಕೊಟ್ಟವನು ಮಾತು ಮುರಿದನೋ, ಆ ಜೀವದ ಕತ್ತು ಹೋಗುತ್ತೆ. ಹೀಗಾಗಿ ಒಂದು ಮಾತು ಆಡೋದಕ್ಕೆ ನಾಚಿ ಇಬ್ಬರೂ ಇನ್ನಷ್ಟು ವರ್ಷ ಜನ ಕೊಂದರು. ಗಂಡಸರ ನಾಚಿಕೆ ಅಂದರೆ ಹಾಗೇ ಅಲ್ಲವೇ, ಬರಬಾರದ ಕಡೆ ಬರುತ್ತೆ, ಬರಬೇಕಾದ ಕಡೆ ಬರೋದಿಲ್ಲ.

ಕೊನೆಗೆ ತಿಪ್ಪೇನಾಯಕ ಸಾಕು ಅಂದ. ಬುದ್ಧಿ ಬಂತು ಅಂದುಕೊಂಡಿರಾ? ಇಲ್ಲ. ಅವನ ಲೆಕ್ಕ ಬೇರೆ. "ರಾಗಿ ಒಕ್ಕಣೆ ಮುಗಿಯೋವರೆಗೆ ಕದನ ಬೇಡ" ಅಂತ ಹೇಳಿ ಕಳಿಸೋದು. ಕರಿಗಲ್ಲಿನವರು ಕತ್ತಿ ಕೆಳಗಿಟ್ಟು ಕುಡುಗೋಲು ಹಿಡಿದು ಹೊಲಕ್ಕೆ ಇಳಿದಾಗ ಹಿಂದಿನಿಂದ ಹೋಗಿ ಬೀಳೋದು.

"ಒತ್ತೆಗೆ ಯಾರನ್ನ ಕೊಡ್ತೀರಿ?" ಅಂದಳು ರಾಣಿ ಹೊನ್ನಾಜಮ್ಮ. "ನನ್ನ ರತ್ನಾಜಿ ಮೇಲೆ ಕಣ್ಣು ಹಾಕಿದರೆ ಜೋಕೆ."

"ಅವಳನ್ನಲ್ಲ ಕಣೇ. ಯಾರನ್ನಾದರೂ ಅವಳ ಹೆಸರಲ್ಲಿ..."

"ಯಾರನ್ನಾದರೂ ಯಾಕೆ? ಹಟ್ಟಿಯಲ್ಲಿ ಸಗಣಿ ಬಾಚೋ ಮಾಳವ್ವ ಇದಾಳಲ್ಲ, ಅವಳ ಮಗಳು ಕೆಂಚಿಯನ್ನ ಕೊಡಿ." ರಾಣಿ ಅಡಿಕೆ ಕತ್ತರಿಸುತ್ತಾ ತಲೆ ಎತ್ತದೆ ಹೇಳಿದಳಂತೆ. "ಮೂಗು ನೋಡಿದವರು ಯಾರೂ ಅನುಮಾನ ಪಡೋದಿಲ್ಲ."

ರಾಜನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಈಗ ಆ ಮೂಗಿನ ವಿಷಯ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅಜೀರ್ಣ. ತಿಪ್ಪೇನಾಯಕನ ವಂಶದ ಮೂಗು ಗಿಣಿಮೂಗು, ತುದಿ ಸ್ವಲ್ಪ ಎಡಕ್ಕೆ ವಾಲಿದ್ದು. ಅವನ ಅಪ್ಪನದೂ ಹಾಗೇ, ಅಜ್ಜನದೂ ಹಾಗೇ. ಕೆಂಚಿಯದೂ ಹಾಗೇ. ರಾಣಿ ಹೆತ್ತ ರತ್ನಾಜಿಯದು ಮಾತ್ರ ಮೊಂಡು ಮೂಗು. ಅದರ ಬಗ್ಗೆ ನಾನು ಏನೂ ಹೇಳುವವಳಲ್ಲ, ಅದು ಬೇರೆ ಕತೆ, ಆ ಕತೆಗೆ ಬಾಗಿಲು ಹಾಕಿಕೊಂಡು ಕೂರಬೇಕು. ಮಾಳವ್ವ ಹದಿನಾರು ವರ್ಷ ಬಾಯಿ ಬಿಟ್ಟವಳಲ್ಲ. ಊರು ಬಾಯಿ ಬಿಟ್ಟಿತ್ತು, ಆದರೆ ಸೆರಗಿನ ಒಳಗೆ. ಎಲ್ಲರಿಗೂ ಗೊತ್ತು, ಯಾರಿಗೂ ಗೊತ್ತಿಲ್ಲ.

ಕೆಂಚಿಗೆ ಎಣ್ಣೆ ನೀರು ಹಾಕಿದರು. ಸರಿಗೆ ಸೀರೆ ಉಡಿಸಿದರು. ಮೂಗಿಗೆ ನತ್ತು. ಎರಡು ಸಲ ತಿಕ್ಕಿದರೂ ಅಂಗೈಯಿಂದ ಸಗಣಿ ವಾಸನೆ ಹೋಗದೆ, ಮೇಲೆ ಗಂಧ ಬಳಿದು ಕೂರಿಸಿದರಂತೆ.

ಆ ಸೀಮೆಯ ಕಟ್ಟಲೆ ಇನ್ನೊಂದಿದೆ, ಕೇಳಿ. ಒತ್ತೆ ನಿಜವೋ ಸುಳ್ಳೋ ಅಂತ ತಿಳಿಯೋದು ಹೇಗೆ? ಮುಖ ನೋಡಿ ಅಲ್ಲ, ಅಳು ಕೇಳಿ. ತಗೊಳ್ಳುವ ಕಡೆಯಿಂದ ಒಬ್ಬ ಹಿರಿಯ ಹೆಂಗಸು ಬಂದು, ಕಳಿಸಿಕೊಡುವ ಮನೆಯ ಅಳು ಕೇಳುತ್ತಾಳೆ. ಅಳು ಒದ್ದೆ ಇದ್ದರೆ ಒತ್ತೆ ನಿಜ, ಒಣಗಿದ್ದರೆ ಸುಳ್ಳು. ಕರಿಗಲ್ಲಿನಿಂದ ಬಂದವಳು ದ್ಯಾವಜ್ಜಿ. ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳೋದೇ ಅವಳ ಕಸುಬು. ಸೊಸೆಯ ಅಳು, ಅತ್ತೆಯ ಅಳು, ಪಾಲು ಸಿಕ್ಕವರ ಅಳು, ಪಾಲು ಸಿಗದವರ ಅಳು, ಯಾವುದನ್ನಾದರೂ ಕಣ್ಣು ಮುಚ್ಚಿಕೊಂಡು ಹೇಳಿಬಿಡೋಳು.

ಅರಮನೆಯ ಜಗಲಿಯಲ್ಲಿ ಅಳು ಶುರುವಾಯಿತು. ರಾಣಿ ಎದೆ ಬಡಿದುಕೊಂಡಳು, ದಾಸಿಯರು ಹೊರಳಾಡಿದರು, ರಾಜ ಮುಖಕ್ಕೆ ಶಲ್ಯ ಮುಚ್ಚಿಕೊಂಡ. ದ್ಯಾವಜ್ಜಿ ಒಂದು ಸುತ್ತು ಹಾಕಿ ರಾಣಿಯ ಸೆರಗು ಮೂಸಿದಳು.

"ಈರುಳ್ಳಿ ಹೊಸ ಬೆಳೆಯದು ಅಂತ ಕಾಣುತ್ತೆ ತಾಯಿ. ಘಾಟು ಚೆನ್ನಾಗಿದೆ."

ಎಲ್ಲರ ಅಳುವೂ ಒಂದು ಗಳಿಗೆ ನಿಂತುಹೋಯಿತು. ಆಗ, ಆ ಸದ್ದಿಲ್ಲದ ಗಳಿಗೆಯಲ್ಲಿ, ಹಿತ್ತಲ ಹಟ್ಟಿಯಿಂದ ಒಂದು ದನಿ ಕೇಳಿತು. ಅದು ಅಳು ಅಂತಲೂ ಅಲ್ಲ, ನುಂಗಿಕೊಂಡ ಅಳು. ದ್ಯಾವಜ್ಜಿ ಕೋಲು ಊರಿಕೊಂಡು ಅತ್ತ ಹೋದಳು. ಹಟ್ಟಿಯಲ್ಲಿ ಮಾಳವ್ವ ಬಾಯಿಗೆ ಸೆರಗು ತುರುಕಿಕೊಂಡು, ಹಸುವಿನ ಕೊರಳು ತಬ್ಬಿಕೊಂಡು ನಿಂತಿದ್ದಳು. ಹಸುವಿನ ಕೊರಳ ಕೆಳಗೆ ಜೋಲುವ ಗಂಗೆದೊಗಲೆಲ್ಲ ಒದ್ದೆ.

"ಯಾರವ್ವಾ ನೀನು?"

"ಯಾರೂ ಅಲ್ಲಜ್ಜಿ. ಸಗಣಿ ಬಾಚೋಳು."

"ಸಗಣಿ ಬಾಚೋರು ಹಿಂಗೆ ಅಳಲ್ಲ. ಹೆತ್ತೋರು ಹಿಂಗೆ ಅಳೋದು."

ಅಜ್ಜಿ ಬಾಗಿಲಿಂದ ಇಣುಕಿ ಕೆಂಚಿಯ ಮೂಗು ನೋಡಿದಳು. ಜಗಲಿ ಮೇಲಿದ್ದ ರಾಜನ ಮೂಗು ನೋಡಿದಳು. ಬಾಯಲ್ಲಿದ್ದ ಎಲೆಯಡಿಕೆ ಈ ದವಡೆಯಿಂದ ಆ ದವಡೆಗೆ ಹೋಯಿತು.

"ಓಹೋ" ಅಂದಳು. ಆಮೇಲೆ ಮಾಳವ್ವನ ಕಿವಿಯ ಹತ್ತಿರ ಬಂದು, "ಎಲ್ಲಾ ಇವತ್ತೇ ಸುರಿದುಬಿಡಬೇಡ ಮಗಳೇ. ಒಂದಿಷ್ಟು ಉಳಿಸ್ಕೊ. ಮುಂದೆ ಬೇಕಾಗುತ್ತೆ. ಹಾಡಿಕೊಂಡು ಅಳೋ ಹೆಂಗಸಿನ ಬಾಯಿಗೆ ಕೈ ಅಡ್ಡ ಹಿಡಿಯೋ ರಾಜ ಇನ್ನೂ ಹುಟ್ಟಿಲ್ಲ" ಅಂದಳಂತೆ.

ಜಗಲಿಗೆ ಬಂದು ಎಲ್ಲರ ಮುಂದೆ ಹೇಳಿದಳು: "ಒತ್ತೆ ಒಪ್ಪಿಗೆ. ಇವಳು ತಿಪ್ಪೇನಾಯಕನ ಮಗಳೇ ಸರಿ. ನನ್ನ ತಾಳಿ ಆಣೆ."

ಮುದುಕಿಯನ್ನು ಏಮಾರಿಸಿದೆ ಅಂತ ರಾಜ ಮೀಸೆಯ ಒಳಗೇ ನಕ್ಕ. ರಾಣಿ ನಗಲಿಲ್ಲ. ಮುದುಕಿ ಸುಳ್ಳು ಹೇಳಲಿಲ್ಲ ಅನ್ನೋದು ಅವಳೊಬ್ಬಳಿಗೇ ಗೊತ್ತಾದದ್ದು.

ಕೆಂಚಿ ಹೊಳೆ ದಾಟಿದಳು. ಅಲ್ಲಿ ಅವಳಿಗೆ ಹಂಸತೂಲಿಕಾತಲ್ಪ ಅಲ್ಲದಿದ್ದರೂ ಹತ್ತಿಯ ಹಾಸಿಗೆ, ತುಪ್ಪದನ್ನ. ಆದರೂ ಹುಡುಗಿ ಕೋಳಿ ಕೂಗೋ ಹೊತ್ತಿಗೆ ಎದ್ದು ದನದ ಕೊಟ್ಟಿಗೆಗೆ ಹೋಗಿ ನಿಂತುಬಿಡೋಳಂತೆ. ಅಲ್ಲಿಯ ಹೆಂಗಸರು ಬಾಯಿ ಮೇಲೆ ಬೆರಳಿಟ್ಟರೆ ದ್ಯಾವಜ್ಜಿ, "ಅವರ ಮನೆಯಲ್ಲಿ ಮದುವೆ ಆಗೋವರೆಗೆ ಹೆಣ್ಣುಮಕ್ಕಳಿಗೆ ಗೋವಿನ ವ್ರತ" ಅಂದುಬಿಟ್ಟಳು. ಅಂದಿನಿಂದ ಕರಿಗಲ್ಲಿನ ನಾಲ್ಕು ದೊಡ್ಡ ಮನೆಯ ಹುಡುಗಿಯರೂ ಸಗಣಿ ಬಾಚೋಕೆ ಶುರುಮಾಡಿದರಂತೆ, ಒಳ್ಳೆಯ ಗಂಡ ಸಿಗಲಿ ಅಂತ.

ಓಬಳನಾಯಕ ಕೆಟ್ಟವನಲ್ಲ. ಆದರೆ ಕೆಟ್ಟವರಿಗಿಂತ ಮಾತು ಕೊಟ್ಟವರನ್ನ ಕಂಡರೆ ಹೆದರಬೇಕು. "ಅವರ ಕಡೆ ನಗಾರಿ ಬಾರಿಸಿದ ದಿನ ಈ ಹುಡುಗಿಯ ಕತ್ತು ಕಡಿಯಬೇಕು" ಅಂತ ಆಣೆ ಇಟ್ಟಿದ್ದ. ಇಟ್ಟಮೇಲೆ ಅವನಿಗೇ ಊಟ ಸೇರದೆ, ಹೊಳೆಯ ಕಡೆ ಕಿವಿಕೊಟ್ಟು ಕೂರುತ್ತಿದ್ದನಂತೆ.

ರಾಗಿ ತೆನೆ ಬಲಿಯಿತು. ಕರಿಗಲ್ಲಿನವರು ಕುಡುಗೋಲು ಹಿಡಿದು ಹೊಲಕ್ಕಿಳಿದರು. ಇತ್ತ ತಿಪ್ಪೇನಾಯಕ ಕೋಟೆಯ ಒಳಗಿಂದ ನಗಾರಿ ಹೊರಗೆ ತರಿಸಿದ. ನಗಾರಿಯ ಚರ್ಮ ಬೆಂಕಿಗೆ ಹಿಡಿದು ಬಿಗಿ ಮಾಡಬೇಕು, ಆಮೇಲೆ ಬಾರಿಸಬೇಕು. ಬಾರಿಸಿದರೆ ಯುದ್ಧ.

ಮಾಳವ್ವ ಸಗಣಿ ಬುಟ್ಟಿ ಕೆಳಗಿಟ್ಟು ರಾಜನ ಮುಂದೆ ಹೋಗಿ ನಿಂತಳು.

"ಬುದ್ಧೀ, ಕೂಸು ಆಚೆ ದಡದಾಗೈತೆ."

"ಯಾವ ಕೂಸು?" ಅಂದ ರಾಜ, ಗೋಡೆ ನೋಡಿಕೊಂಡು.

"ಯಾವ ಕೂಸು ಅಂತ ನೀವು ಕೇಳಬ್ಯಾಡಿ, ಬೇರೆ ಯಾರಾದ್ರೂ ಕೇಳ್ಲಿ."

"ರಾಜ್ಯಕ್ಕೋಸ್ಕರ ಪ್ರಾಣ ಹೋದರೆ ಪುಣ್ಯ ಕಣೇ. ಹೋಗು, ಹಸು ಕಾಯ್ತಿವೆ."

ಮಾಳವ್ವ ಹೋದಳು. ಹಸು ಕರೆದಳು, ಕೊಟ್ಟಿಗೆ ಬಾಚಿದಳು, ಕೈ ತೊಳೆದಳು. ಆಮೇಲೆ ಬಂದು ಊರ ಮುಂದೆ, ನಗಾರಿಯ ಪಕ್ಕದಲ್ಲೇ, ತಲೆ ಬಿಚ್ಚಿಕೊಂಡು ಕಾಲು ಚಾಚಿ ಕೂತಳು.

"ಯಾರೇ ಸತ್ತರು ಮಾಳವ್ವ?" ಅಂದಳು ನೀರಿಗೆ ಹೋಗುತ್ತಿದ್ದವಳೊಬ್ಬಳು.

"ಇನ್ನೂ ಇಲ್ಲ ಕಣವ್ವ. ನಗಾರಿ ಬಾರಿಸಿದ ಮ್ಯಾಲೆ ಸಾಯೋದು. ಆಮ್ಯಾಲೆ ನಂಗೆ ಪುರುಸೊತ್ತು ಇರಾಕಿಲ್ಲ, ಕರ ಹಾಕೋ ಹಸು ಎರಡೈತೆ. ಈಗಲೇ ಅತ್ತುಬಿಡ್ತೀನಿ."

ಅಂತ ಹೇಳಿ ದನಿ ಎತ್ತಿದಳು ನೋಡಿ:

ಅರಗಿನ ಬಳೆ ತೊಡಿಸಿ ಅರಿಯದ ಊರಿಗೆ
ಸರಿಗೆಯ ಸೀರೆ ಉಡಿಸ್ಯಾರೊ – ನನ ಕಂದ
ಕುರಿಗೆ ಹೂಮಾಲೆ ಹಾಕಿದಂಗೆ.

"ಎಳ್ಕೊಂಡು ಹೋಗ್ರೋ ಅವಳನ್ನ!" ಅಂತ ರಾಜ ಮಾಳಿಗೆಯಿಂದ ಕೂಗಿದ. ಒಬ್ಬ ಆಳೂ ಅಲ್ಲಾಡಲಿಲ್ಲ. ಮಂತ್ರಿ ಬಂದು ಕಿವಿಯಲ್ಲಿ ಹೇಳಿದನಂತೆ: "ಬುದ್ಧೀ, ಹಾಡಿಕೊಂಡು ಅಳೋಳನ್ನ ಮುಟ್ಟಬಾರದು. ನಡುವೆ ನಿಲ್ಲಿಸಿದ ಅಳು, ನಿಲ್ಲಿಸಿದವನ ಮನೆಗೆ ಹೋಗಿ ಪೂರ್ತಿ ಆಗುತ್ತೆ. ಅಪ್ಪನ ಕಾಲದ ಮಾತು. ಮತ್ತೆ ಆ ಅಳುವಿನಲ್ಲಿ ಬಂದದ್ದೆಲ್ಲ ಸಾಕ್ಷಿ. ಗುಸುಗುಸು ಅಂದದ್ದಕ್ಕೆ ಬೆಲೆ ಇಲ್ಲ, ಹಾಡಿಗೆ ಬಂದದ್ದನ್ನ ಪಂಚಾಯಿತಿ ಒಪ್ಪುತ್ತೆ."

"ಹಂಗಾದರೆ ಏನು ಮಾಡೋದು?"

"ಮುಗಿಯೋವರೆಗೆ ಕಾಯೋದು."

ಆದರೆ ಮಾಳವ್ವ ಮುಗಿಸಿದರೆ ತಾನೆ? ಒಂದು ನುಡಿ ಹಾಡಿ, ಸೆರಗು ಕೊಡವಿ ಎದ್ದಳು. "ಉಳಿದದ್ದು ನಾಳೆ. ಎಮ್ಮೆ ಕರೆಯೋ ಹೊತ್ತಾತು." ಅಳು ನಡುವೆ ಇರುವಾಗ ನಗಾರಿ ಬಾರಿಸುವಂತೆಯೂ ಇಲ್ಲ. ಅದೂ ಅಪಶಕುನ.

ಮರುದಿನ ಬೆಳಿಗ್ಗೆ ಬಾವಿಕಟ್ಟೆ ಖಾಲಿ. ಊರಿನ ಹೆಂಗಸರೆಲ್ಲ ನಗಾರಿ ಸುತ್ತ. ಸೊಪ್ಪು ಸೋಸುವವರು ಸೊಪ್ಪು ತಂದಿದ್ದರು, ತಲೆ ಬಾಚಿಸಿಕೊಳ್ಳುವವರು ಬಾಚಣಿಗೆ ತಂದಿದ್ದರು. ದುಃಖಕ್ಕೆ ಬಂದವರು ಅಂತ ಹೇಳಬೇಕು, ಇಲ್ಲದಿದ್ದರೆ ಅವರ ಸಂತತಿಯವರು ನನ್ನ ಮೇಲೆ ಬೇಜಾರು ಮಾಡಿಕೊಳ್ಳುತ್ತಾರೆ. ಮಾಳವ್ವ ಬಂದಳು, ಕೂತಳು, ದನಿ ಎತ್ತಿದಳು:

ಹತ್ತಿ ಹೂ ಬಿಡೋ ಕಾಲ, ಹಿತ್ತಲ ಬಾಗಿಲು
ಎತ್ತಿ ಬಂದವರ್ಯಾರೊ ಅಗುಳೀಯ – ನನ ಕಂದ
ಹೊತ್ತವಳ ಹೆಸರೊಂದೆ ಊರು ಬಲ್ಲದು.

ಎದ್ದಳು. "ಉಳಿದದ್ದು ನಾಳೆ."

"ಅಯ್ಯೋ, ಇನ್ನೊಂದೇ ಒಂದು ನುಡಿ ಮಾಳವ್ವ!" ಅಂತ ಹೆಂಗಸರು.

"ಬೇಕಾದಷ್ಟು ಅಳೋಕೆ ನಾನೇನು ಅರಮನೆಯೋಳಾ? ಕೆಲಸ ಐತೆ."

ಆ ಹೊತ್ತಿಗೆ ಊರ ಗಂಡಸರಿಗೂ ನಗಾರಿ ಮೇಲಿನ ಆಸೆ ಹೋಗಿ ಹಾಡಿನ ಮೇಲೆ ಬಂದಿತ್ತು. ಇತ್ತ ರಾಜ ಅರಮನೆಯ ಹಿಂಬಾಗಿಲಿಗೆ ಹೊಸ ಅಗುಳಿ ಹಾಕಿಸಿದನಂತೆ. ಅದನ್ನು ಕಂಡು ಊರು ಇನ್ನಷ್ಟು ನಕ್ಕಿತು. ಕಳ್ಳ ತಾನಾಗಿ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಗಾಳಿ ಹಾಡನ್ನು ಹೊಳೆಯ ಆಚೆಗೂ ಒಯ್ದಿತು, ಮಾತು ತಿಳಿಯದಿದ್ದರೂ ದನಿ ಹೋಯಿತು. ಓಬಳನಾಯಕ, "ಆಚೆ ದಡದಲ್ಲಿ ಯಾರು ಸತ್ತರು?" ಅಂತ ಕೇಳಿದ.

"ಯಾರೂ ಇಲ್ಲ" ಅಂದಳು ದ್ಯಾವಜ್ಜಿ. "ಯಾರೂ ಸಾಯಬಾರದು ಅಂತ ಅಳ್ತಾ ಇದಾರೆ."

ಮೂರನೆಯ ದಿನ ರಾಣಿ ಹೊನ್ನಾಜಮ್ಮನೇ ಬಂದಳು. ಮುಂದಿನ ಸಾಲಿನಲ್ಲಿ ಮಣೆ ಹಾಕಿಸಿಕೊಂಡು ಕೂತಳು. ಮಾಳವ್ವ ಒಂದು ಸಲ ರಾಣಿಯ ಮುಖ ನೋಡಿದಳು. ಹದಿನಾರು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ನೋಡಿದ್ದಂತೆ.

ಮೂಡಿದ ಮೂಗಿಗೆ ಮುತ್ತಿನ ನತ್ತಿಟ್ಟು
ನೋಡಿದವರೆಲ್ಲ ನಕ್ಕಾರೊ – ನನ ಕಂದ
ಬೇಡದೆ ಬಂದ ಮೂಗು ಯಾರದೊ.

ನಿಲ್ಲಿಸಿದಳು. ಸೊಪ್ಪು ಸೋಸುವವರು ಸೊಪ್ಪು ಕೆಳಗಿಟ್ಟರು. "ಇನ್ನೊಂದೇ ನುಡಿ ಬಾಕಿ" ಅಂದಳು. "ಅದರಾಗೆ ಹೆಸರು ಬರ್ತದೆ. ನಾಳೆ ಹಾಡ್ತೀನಿ. ನಗಾರಿ ಇಲ್ಲೇ ಇದ್ರೆ."

ರಾಣಿ ಮಣೆಯನ್ನೂ ಬಿಟ್ಟು ಅರಮನೆಗೆ ಓಡಿದಳು.

"ಯುದ್ಧ ನಿಲ್ಲಿಸಿ!"

"ಅಲ್ಲವೇ, ಆ ಹುಡುಗಿಯನ್ನ ಕೊಡು ಅಂದವಳು ನೀನು. ಹೋಗಲಿ ಅಂತ ತಾನೆ ಕೊಡಿಸಿದ್ದು?"

"ಹೋಗಲಿ ಅಂತ ಕೊಡಿಸಿದೆ. ಹಾಡಾಗಲಿ ಅಂತ ಕೊಡಿಸಿದೆನಾ? ನಿಮ್ಮ ಹೆಸರು ಹಾಡಿಗೆ ಬಂದರೆ ಆ ಹುಡುಗಿ ಸತ್ತರೂ ಈ ಮನೆ ಮಗಳು. ಮುಂಬಾಗಿಲಲ್ಲಿ ಹೆಣ ಇಡಬೇಕು, ನಾನು ಸೂತಕ ಹಿಡಿಯಬೇಕು. ಅವಳ ಮೂಗು ಇಂಥವರದು ಅಂತ ಆದಮೇಲೆ..." ಇಲ್ಲಿ ರಾಣಿ ಸ್ವಲ್ಪ ತಡವರಿಸಿದಳಂತೆ. "...ಆದಮೇಲೆ ಜನ ನನ್ನ ರತ್ನಾಜಿಯ ಮೂಗು ನೋಡೋಕೆ ಶುರುಮಾಡ್ತಾರೆ."

ರಾಜ ಹೆಂಡತಿಯನ್ನು ನೋಡಿದ. ಹೆಂಡತಿ ರಾಜನನ್ನು ನೋಡಿದಳು. ಅಷ್ಟು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಒಂದೇ ಮಾತಿಗೆ ಒಪ್ಪಿದ್ದು ಅವತ್ತೇ.

ಸಂಜೆಯೊಳಗೆ ಡಂಗುರ ಹೊಡೆದರು. "ಕೇಳ್ರಪ್ಪೋ ಕೇಳ್ರಿ! ನಗಾರಿಯ ಚರ್ಮ ಸಡಿಲ ಆಗಿರೋದರಿಂದ ಈ ವರ್ಷ ಯುದ್ಧ ಇಲ್ಲವಂತೆ!"

ಯಾರ ಚರ್ಮ ಸಡಿಲ ಆಯಿತು ಅಂತ ಊರು ಕೇಳಲಿಲ್ಲ.

ರಾಗಿ ಒಕ್ಕಣೆ ಮುಗಿಯಿತು. ಎರಡು ದಡದಲ್ಲೂ ಮುಗಿಯಿತು, ಎಷ್ಟೋ ವರ್ಷದ ಮೇಲೆ. ಒತ್ತೆ ವಾಪಸು ಮಾಡೋ ದಿನ ಓಬಳನಾಯಕನೇ ಕೆಂಚಿಯನ್ನು ಕರೆದುಕೊಂಡು ಹೊಳೆ ದಾಟಿ ಬಂದ. ಹಿಂದೆ ಕೋಲೂರಿಕೊಂಡು ದ್ಯಾವಜ್ಜಿ. ಕೊಟ್ಟಾಗ ಅಳು ಕೇಳಿದವಳೇ ತಗೊಳ್ಳುವಾಗಲೂ ಕೇಳಬೇಕಲ್ಲ. ಕಟ್ಟಲೆ ಏನಂದರೆ, ಒತ್ತೆ ಕೊಟ್ಟವನು ಮುಂಬಾಗಿಲ ಹೊಸ್ತಿಲಲ್ಲಿ ನಿಂತು ಊರು ಕೇಳುವಂತೆ ಮೂರು ಸಲ "ನನ್ನ ಮಗಳು ಮನೆಗೆ ಬಂದಳು" ಅನ್ನಬೇಕು.

ತಿಪ್ಪೇನಾಯಕ ಹೊಸ್ತಿಲಲ್ಲಿ ನಿಂತ. ಜನದ ಹಿಂದೆ, ಹಟ್ಟಿಯ ಬಾಗಿಲಲ್ಲಿ, ಮಾಳವ್ವ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು.

"ನನ್ನ ಮಗಳು ಮನೆಗೆ ಬಂದಳು!" ಅಂದ ರಾಜ. ಬಯಲಾಟದ ರಾಜನ ಹಾಗೆ, ಗಟ್ಟಿಯಾಗಿ. ಊರು ಸೆರಗು, ಶಲ್ಯ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಅಡ್ಡ ಹಿಡಿಯಿತು. ಓಬಳನಾಯಕನಿಗೆ ಸುಳ್ಳು ಹೇಳುತ್ತಿದ್ದೇನೆ ಅಂತ ರಾಜ ಅಂದುಕೊಂಡಿದ್ದ. ಅವನು ಜನ್ಮದಲ್ಲಿ ಊರ ಮುಂದೆ ಆಡಿದ ನಿಜ ಅದೊಂದೇ.

"ನನ್ನ ಮಗಳು ಮನೆಗೆ ಬಂದಳು" ಅಂದ, ಎರಡನೆಯ ಸಲ. ಕೆಂಚಿ ತಲೆ ಎತ್ತಿ ನೋಡಿದಳು. ಮೂಗಿಗೆ ಮೂಗು ಎದುರಾಯಿತು.

ಮೂರನೆಯ ಸಲ ದನಿ ಗಟ್ಟಿ ಬರಲಿಲ್ಲ. ಹತ್ತಿರ ಇದ್ದವರಿಗೆ ಮಾತ್ರ ಕೇಳಿತಂತೆ. ಒದ್ದೆ ಇತ್ತೇ ಅಂತ ಆಮೇಲೆ ಜನ ದ್ಯಾವಜ್ಜಿಯನ್ನು ಕೇಳಿದ್ದಕ್ಕೆ, "ಒಂದು ಹನಿ ಇತ್ತು. ಒಂದು ಅಂದರೆ ಒಂದೇ. ಹೆಚ್ಚು ಹೇಳಿ ಪಾಪ ಕಟ್ಟಿಕೊಳ್ಳಲಾರೆ" ಅಂದಳಂತೆ.

ಅಷ್ಟಕ್ಕೆ ಮುಗಿಯಬೇಕಾಗಿತ್ತು. ಆದರೆ ಅಷ್ಟರಲ್ಲಿ ವೀಳ್ಯದ ತಟ್ಟೆ ಬಂತು. ಸಂಧಿಯ ವೀಳ್ಯ. ಹಿಡಿದವನು ಬಾಯಿ ತೆರೆಯುವ ಮೊದಲೇ ತಿಪ್ಪೇನಾಯಕನ ಕೈ ಮುಂದೆ ಬಂತು, ಓಬಳನಾಯಕನ ಕೈಯೂ ಮುಂದೆ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಳುಗಳ ಕೈ ಮೆಲ್ಲಗೆ ಕತ್ತಿಯ ಮೇಲೆ ಹೋಯಿತು. ಹೆಂಗಸರು ತಂತಮ್ಮ ಬಳೆ ನೋಡಿಕೊಂಡರು.

ದ್ಯಾವಜ್ಜಿ ಕೋಲು ನೆಲಕ್ಕೆ ಕುಟ್ಟಿದಳು. "ನಿಮ್ಮಪ್ಪಂದಿರು ಏನೂ ಕಲಿಸಲಿಲ್ವಾ? ಒತ್ತೆ ಬದುಕಿ ಮನೆಗೆ ಬಂದಾಗ ಮೊದಲ ವೀಳ್ಯ ಹೆತ್ತವಳಿಗೆ!"

ಇಂಥ ಕಟ್ಟಲೆ ಇತ್ತೋ, ಅಜ್ಜಿ ಆಗಲೇ ಹುಟ್ಟಿಸಿದಳೋ, ದೇವರೇ ಬಲ್ಲ. ತಟ್ಟೆ ರಾಣಿಯ ಮುಂದೆ ಬಂತು. ರಾಣಿ ಕೈ ಎತ್ತಿದಳು. ಹಟ್ಟಿಯ ಬಾಗಿಲಲ್ಲಿ ಮಾಳವ್ವ ಬುಟ್ಟಿ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡಳು. ಬರೀ ಗಂಟಲು ಸರಿಮಾಡಿಕೊಂಡಳು, ಅಷ್ಟೇ.

ರಾಣಿಯ ಕೈ ಗಾಳಿಯಲ್ಲೇ ನಿಂತಿತು.

"ನನಗೆ... ನನಗೆ ಇವತ್ತು ಉಪವಾಸ" ಅಂದಳು ಹೊನ್ನಾಜಮ್ಮ. ಬಾಯಲ್ಲಿದ್ದ ಅಡಿಕೆಯನ್ನು ಪಕ್ಕಕ್ಕೆ ಸರಿಸಿಕೊಂಡು ಅಂದಳು. "ಮಾಳವ್ವನಿಗೆ ಕೊಡಿ. ಎತ್ತಿ ಆಡಿಸಿದವಳು."

ತಟ್ಟೆ ಜನವನ್ನು ದಾಟಿ ಹಟ್ಟಿಯ ಬಾಗಿಲಿಗೆ ಹೋಯಿತು. ಮಾಳವ್ವ ಕೈಯನ್ನು ಸೀರೆಗೆ ಒರೆಸಿಕೊಂಡು ಎಲೆ ತಗೊಂಡಳು. ತೊಟ್ಟು ಮುರಿದಳು, ಸುಣ್ಣ ಸವರಿದಳು, ಅಡಿಕೆ ಇಟ್ಟು ಮಡಿಸಿದಳು. ಅವಸರ ಮಾಡಲಿಲ್ಲ. ಹನ್ನೆರಡು ವರ್ಷ ಎರಡೂರಿನ ಗಂಡಸರು ಯಾವುದಕ್ಕೆ ಸತ್ತರೋ ಅದನ್ನು ಬಾಯಿಗಿಟ್ಟು ಅಗಿದಳು. ಇಬ್ಬರು ರಾಜರೂ ಚಾಚಿದ ಕೈ ಚಾಚಿದ ಹಾಗೇ ನೋಡುತ್ತಾ ನಿಂತಿದ್ದರಂತೆ.

"ಹೆಂಗೈತವ್ವ?" ಅಂದಳು ಪಕ್ಕದಲ್ಲಿ ಬಂದು ನಿಂತಿದ್ದ ಕೆಂಚಿ.

"ಸುಣ್ಣ ಜಾಸ್ತಿ ಆತು" ಅಂದಳು ಮಾಳವ್ವ.

ಆಮೇಲೆ ಆ ಹೊಳೆಯ ದಡದಲ್ಲಿ ನಗಾರಿ ಮೊಳಗಲಿಲ್ಲ. ಕೆಂಚಿಯನ್ನು ಸಗಣಿ ಬಾಚು ಅನ್ನೋಕೆ ಯಾರಿಗೂ ಧೈರ್ಯ ಬರಲಿಲ್ಲ, ಮೂರು ಸಲ ಕೂಗಿಸಿಕೊಂಡವಳಲ್ಲವೇ. ತನಗೇ ಬೇಕೆನಿಸಿದ ದಿನ ಅವ್ವನ ಜೊತೆ ಬಾಚುತ್ತಿದ್ದಳು. ಒತ್ತೆ ಕೊಟ್ಟು ಗೆದ್ದೆ ಅಂದುಕೊಂಡಿದ್ದ ರಾಜ ಬದುಕಿರುವವರೆಗೂ ತಾನೇ ಒತ್ತೆಯಾಗಿ ಉಳಿದ, ಅದೂ ಹಟ್ಟಿಯಲ್ಲಿ. ಯಾವಾಗಲಾದರೂ ಅವನ ಕೈ ಕತ್ತಿಯ ಕಡೆ ಹೋದರೆ ಮಾಳವ್ವ ಕೊಟ್ಟಿಗೆಯಲ್ಲಿ ಒಂದು ಸಲ ಕೆಮ್ಮುವಳಂತೆ.

ಆ ಉಳಿದ ನುಡಿ ಏನು ಅಂತ ಊರ ಹೆಂಗಸರು ಅವಳ ಕೊನೆಗಾಲದವರೆಗೂ ಕೇಳಿದರು. ಹೋಳಿಗೆ ಮಾಡಿಕೊಟ್ಟು ಕೇಳಿದರು, ಕಾಲು ಒತ್ತಿ ಕೇಳಿದರು.

"ಅದನ್ನ ಒತ್ತೆ ಇಟ್ಟಿದ್ದೀನಿ ಕಣ್ರವ್ವ" ಅನ್ನುತ್ತಿದ್ದಳಂತೆ. "ಬಿಡಿಸಿಕೊಂಡರೆ ಯುದ್ಧ ಆಗ್ತದೆ."

ಅವರು ಹೊಳೆಯ ಎರಡು ದಡದಲ್ಲಿ ರಾಗಿ ಬೆಳೆದುಕೊಂಡು ತಣ್ಣಗಿದ್ದರು, ನಾವು ಇಲ್ಲಿ ಮುದ್ದೆ ಉಂಡುಕೊಂಡು ಬೆಚ್ಚಗಿದ್ದೇವೆ. ಹೇಳಿದವಳ ಬಾಯಿಗೆ ಎಲೆಯಡಿಕೆ, ಕೇಳಿದವರ ಬಾಯಿಗೆ ಬೀಗ, ಕತೆ ಹೋಗಿ ಹೊಳೆಗೆ ಬಿತ್ತು.